ಕೈ ಎಲ್ಲಿಡಲಿ ಎಂದು ಕೇಳುವವರಿಗೆ

ನಾಟಕ ಆಡಿಸುವುದು ನನ್ನ ಕಸುಬು. ಅದರ ಜೊತೆಗೆ ಅಂಟಿಕೊಂಡದ್ದು, ಸಭೆಯಲ್ಲಿ ನಿಂತು ಮಾತಾಡಬೇಕಾದವರಿಗೆ ತರಬೇತಿ ಕೊಡುವ ಕೆಲಸ. ಸಾಫ್ಟ್‌ವೇರ್ ಎಂಜಿನಿಯರುಗಳು, ಪಿಎಚ್.ಡಿ. ವೈವಾಕ್ಕೆ ತಯಾರಾಗುವವರು, ರೈತರ ಮುಂದೆ ಮಾತಾಡಬೇಕಾದ ಕೃಷಿ ಅಧಿಕಾರಿಗಳು, ಪ್ರಗತಿ ಪರಿಶೀಲನಾ ಸಭೆಯಲ್ಲಿ ಪಿಪಿಟಿ ತೋರಿಸಬೇಕಾದವರು, ಎಲ್ಲರೂ ಬರುತ್ತಾರೆ. ‘ನಾಟಕದವರಲ್ಲವೇ, ನಾಲ್ಕು ಒಳ್ಳೆಯ ಕೈಸನ್ನೆ ಹೇಳಿಕೊಡುತ್ತಾರೆ’ ಅನ್ನುವ ನಿರೀಕ್ಷೆ ಇಟ್ಟುಕೊಂಡೇ ಬರುತ್ತಾರೆ. ನಾನು ಮಾಡುವುದು ಬಹುಪಾಲು ಅದರ ಉಲ್ಟಾ. ಅವರ ಮೈಮೇಲೆ ಆಗಲೇ ಹತ್ತಿ ಕೂತಿರುವ ಬೇಡದ ಚಲನೆಗಳನ್ನು ಒಂದೊಂದಾಗಿ ಇಳಿಸುತ್ತ ಹೋಗುತ್ತೇನೆ. ಇಳಿಸಿದ ಮೇಲೆ ಉಳಿಯುವುದು ಸಾಮಾನ್ಯವಾಗಿ ಸಾಕಷ್ಟು ಚೆನ್ನಾಗಿಯೇ ಇರುತ್ತದೆ. ಈ ಕೆಲಸದಲ್ಲಿ ನನಗೆ ಖಾತ್ರಿಯಾದ ಕೆಲವು ಸಂಗತಿಗಳನ್ನು ಇಲ್ಲಿ ಬರೆದಿದ್ದೇನೆ.

1. ಶೇ. 55ರ ಲೆಕ್ಕವನ್ನು ಪಕ್ಕಕ್ಕಿಡಿ

ಬಾಡಿ ಲಾಂಗ್ವೇಜ್ ತರಗತಿ ಅಂದಕೂಡಲೇ ಒಂದು ಸ್ಲೈಡ್ ಬಂದೇ ಬರುತ್ತದೆ: ಮಾತಿನ ಪರಿಣಾಮದಲ್ಲಿ ಪದಗಳ ಪಾಲು ಶೇ. 7, ದನಿಯದು ಶೇ. 38, ದೇಹದ್ದು ಶೇ. 55. ಇದನ್ನು ನಂಬಿ ಬಂದವರು ‘ಹಾಗಿದ್ದರೆ ಏನು ಹೇಳುತ್ತೇವೆ ಅನ್ನುವುದು ಮುಖ್ಯವೇ ಅಲ್ಲ’ ಎಂದುಕೊಂಡಿರುತ್ತಾರೆ. ಈ ಅಂಕಿಗಳು ಬಂದದ್ದು ಅಮೆರಿಕದ ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಮೆಹ್ರೇಬಿಯನ್ ಮತ್ತು ಸಂಗಡಿಗರು 1967ರಲ್ಲಿ ಪ್ರಕಟಿಸಿದ ಎರಡು ಸಣ್ಣ ಪ್ರಯೋಗಗಳಿಂದ. ಅಲ್ಲಿ ಯಾರೂ ಭಾಷಣ ಮಾಡಿರಲಿಲ್ಲ. ಬಿಡಿ ಪದಗಳನ್ನು ಬೇರೆ ಬೇರೆ ದನಿಯಲ್ಲಿ ಧ್ವನಿಮುದ್ರಿಸಿ ಕೇಳಿಸಿದ್ದರು, ಒಂದು ಪ್ರಯೋಗದಲ್ಲಿ ಅದರ ಜೊತೆ ಮುಖದ ಫೋಟೊ ತೋರಿಸಿದ್ದರು. ಮಾತಾಡುವವರಿಗೆ ಇಷ್ಟವಿದೆಯೋ ಇಲ್ಲವೋ ಎಂದು ಊಹಿಸಲು ಹೇಳಿದ್ದರು, ಅಷ್ಟೇ. ಕೈ, ಕಾಲು, ನಿಲುವು ಯಾವುದೂ ಆ ಲೆಕ್ಕದಲ್ಲಿ ಇರಲೇ ಇಲ್ಲ. ತನ್ನ ಸೂತ್ರ ಭಾವನೆ, ಒಲವುಗಳ ಬಗೆಗಿನ ಮಾತಿಗೆ ಮಾತ್ರ ಅನ್ವಯಿಸುತ್ತದೆ ಎಂದು ಮೆಹ್ರೇಬಿಯನ್ ಅವರೇ ಸ್ಪಷ್ಟಪಡಿಸಿದ್ದಾರೆ.

ನಿಮ್ಮ ತಾಲ್ಲೂಕಿನ ಕುಡಿಯುವ ನೀರಿನ ಯೋಜನೆ ಎಲ್ಲಿಗೆ ಬಂತು ಎಂಬುದನ್ನು ಶೇ. 93ರಷ್ಟು ಮೈ ಮತ್ತು ದನಿಯಲ್ಲಿ ಹೇಳಲು ಯಾರಿಂದಲೂ ಆಗದು. ಆದರೆ ಆ ಪ್ರಯೋಗದಿಂದ ಒಂದು ಮಾತನ್ನು ನಾನು ಉಳಿಸಿಕೊಂಡಿದ್ದೇನೆ. ಬಾಯಿ ಒಂದು ಹೇಳಿ ಮುಖ ಇನ್ನೊಂದು ಹೇಳಿದರೆ ಕೂತವರು ಮುಖವನ್ನೇ ನಂಬುತ್ತಾರೆ. ‘ತುಂಬ ಖುಷಿಯಾಗುತ್ತಿದೆ’ ಎಂದು ಹೇಳುತ್ತ ಲ್ಯಾಪ್‌ಟಾಪಿನಲ್ಲಿ ಫೈಲ್ ಹುಡುಕುವವರ ಖುಷಿಯನ್ನು ಯಾರು ನಂಬಿಯಾರು?

2. ಕೈಗೆ ಕೆಲಸ ಕೊಡಬೇಡಿ, ಕೆಲಸ ತಪ್ಪಿಸಲೂ ಬೇಡಿ

‘ಸರ್, ಕೈ ಎಲ್ಲಿಡ್ಲಿ?’

ಇದು ಎಲ್ಲ ಶಿಬಿರದಲ್ಲೂ ಬರುವ ಮೊದಲ ಪ್ರಶ್ನೆ. ಕುರ್ಚಿಯಲ್ಲಿ ಕೂತು ಕಾಫಿ ಕುಡಿಯುತ್ತ ಹರಟುವಾಗ ಯಾರಿಗೂ ಈ ಪ್ರಶ್ನೆ ಹುಟ್ಟುವುದಿಲ್ಲ. ಎದ್ದು ನಿಂತು ನಾಲ್ಕು ಜನರ ಕಣ್ಣು ತನ್ನ ಮೇಲೆ ಬಿದ್ದ ಕ್ಷಣ ಎರಡು ಕೈಗಳೂ ಯಾರೋ ತಂದು ತಗುಲಿಸಿದ ಸಾಮಾನಿನ ಹಾಗೆ ಜೋತುಬೀಳುತ್ತವೆ. ಆಮೇಲೆ ಶುರು: ಪ್ಯಾಂಟಿನ ಜೇಬು, ದುಪಟ್ಟಾದ ತುದಿ, ಉಂಗುರ, ಪೆನ್ನಿನ ಕ್ಯಾಪ್, ಸೆರಗು. ಕೆಲವರು ಯೂಟ್ಯೂಬಿನಲ್ಲಿ ನೋಡಿ ಎರಡೂ ಕೈಯ ಬೆರಳ ತುದಿಗಳನ್ನು ಜೋಡಿಸಿ ಗೋಪುರ ಕಟ್ಟಿಕೊಂಡು ಬಂದಿರುತ್ತಾರೆ. ಅದನ್ನು ಬಿಡಿಸಲು ನನಗೆ ಅರ್ಧ ದಿನ ಹಿಡಿಯುತ್ತದೆ.

ಮಾತಿಗೂ ಕೈಗೂ ಇರುವ ನಂಟು ನಾವು ತಿಳಿದದ್ದಕ್ಕಿಂತ ಆಳದ್ದು. ಹುಟ್ಟಿನಿಂದ ಕುರುಡರಾದವರು ಮಾತಾಡುವಾಗ ಕೈ ಆಡಿಸುತ್ತಾರೆ, ಎದುರಿನವರೂ ಕುರುಡರು ಎಂದು ಗೊತ್ತಿದ್ದರೂ ಆಡಿಸುತ್ತಾರೆ ಎಂಬುದನ್ನು ಜೇನಾ ಐವರ್ಸನ್ ಮತ್ತು ಸೂಸನ್ ಗೋಲ್ಡಿನ್ ಮೆಡೋ 1998ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ವರದಿ ಮಾಡಿದರು. ಆ ಕುರುಡರು ಯಾರ ಕೈಯಾಡುವುದನ್ನೂ ನೋಡಿ ಕಲಿತವರಲ್ಲ, ಯಾರಿಗೂ ತೋರಿಸಬೇಕಾಗಿಯೂ ಇರಲಿಲ್ಲ. ಗೋಲ್ಡಿನ್ ಮೆಡೋ ಅವರ ತಂಡದ ಇನ್ನೊಂದು ಅಧ್ಯಯನದಲ್ಲಿ, ಲೆಕ್ಕ ಬಿಡಿಸಿದ್ದನ್ನು ವಿವರಿಸುವಾಗ ಕೈ ಆಡಿಸಿದವರಿಗೆ, ಕೈ ಕಟ್ಟಿಕೊಂಡವರಿಗಿಂತ ಹೆಚ್ಚು ನೆನಪು ಉಳಿಯಿತು. ಕೈಯಾಡಿಸುವುದರಿಂದ ಮೊದಲ ಲಾಭ ಮಾತಾಡುವವರಿಗೇ ಅಂತಾಯಿತು. ಹಾಗಾಗಿ ಕೈಯನ್ನು ಬೆನ್ನ ಹಿಂದೆ ಕಟ್ಟಿ ನಿಂತವರು ಮಾತು ಮರೆತು ತಡವರಿಸಿದರೆ ನನಗೆ ಆಶ್ಚರ್ಯವಾಗುವುದಿಲ್ಲ.

ನಾನು ಮಾಡಿಸುವುದು ಇಷ್ಟೇ. ವಿಷಯವನ್ನು ಮೊದಲು ಪಕ್ಕದಲ್ಲಿ ಕೂತವರಿಗೆ ಹರಟೆಯಂತೆ ಹೇಳಿ ಅನ್ನುತ್ತೇನೆ. ಆಗ ಕೈ ತನ್ನಷ್ಟಕ್ಕೆ ಆಡುತ್ತದೆ. ಮಧ್ಯದಲ್ಲಿಯೇ, ಮಾತು ನಿಲ್ಲಿಸದೆ, ಎದ್ದು ನಿಲ್ಲಿ ಅನ್ನುತ್ತೇನೆ. ಕೈ ಆಡುತ್ತಲೇ ಇರುತ್ತದೆ. ಅದೇ ಅವರ ಸ್ವಂತ ಕೈ. ಸಭೆ ದೊಡ್ಡದಾದರೆ ಅದೇ ಚಲನೆಯನ್ನು ಮೊಣಕೈಯಿಂದಲ್ಲ, ಭುಜದಿಂದ ಮಾಡಬೇಕು, ಹಿಂದಿನ ಸಾಲಿಗೆ ಕಾಣಲಿ ಎಂದು. ಬೇರೆ ಸನ್ನೆಯನ್ನೇನೂ ಕಲಿಸುವ ಅಗತ್ಯ ಬೀಳುವುದಿಲ್ಲ.

ಕೈ ಯಾವಾಗ ಏಳಬೇಕು ಎಂಬುದರ ಉತ್ತಮ ಪಾಠಶಾಲೆ ಕರಾವಳಿ, ಮಲೆನಾಡಿನ ತಾಳಮದ್ದಳೆ. ಅರ್ಥಧಾರಿಗೆ ವೇಷವಿಲ್ಲ, ಕುಣಿತವಿಲ್ಲ. ಪಂಚೆ, ಶಲ್ಯದಲ್ಲಿ ಕೂತಲ್ಲೇ ಕೂತು ಕೃಷ್ಣನೋ ಕೌರವನೋ ಆಗಿ ಗಂಟೆಗಟ್ಟಲೆ ವಾದಿಸಬೇಕು. ಒಳ್ಳೆಯ ಅರ್ಥಧಾರಿಯ ಕೈ ಬಹಳ ಹೊತ್ತು ತೊಡೆಯ ಮೇಲೇ ಇರುತ್ತದೆ. ವಾದ ತಿರುಗುವ ಜಾಗದಲ್ಲಿ ಮೇಲೇಳುತ್ತದೆ. ಅಷ್ಟು ಹೊತ್ತು ಸುಮ್ಮನಿದ್ದ ಕೈ ಎದ್ದದ್ದರಿಂದಲೇ ಸಭೆ ನೆಟ್ಟಗಾಗುತ್ತದೆ. ಬೋರ್ಡ್ ಮೀಟಿಂಗಿನಲ್ಲಿ ಮಾತಾಡಬೇಕಾದ ಎಂಜಿನಿಯರುಗಳಿಗೆ ಒಂದು ರಾತ್ರಿ ತಾಳಮದ್ದಳೆ ಕೇಳಿಬನ್ನಿ ಎಂದು ಹೇಳುತ್ತೇನೆ. ಹೋಗುವವರು ಕಡಿಮೆ.

3. ಮೊದಲು ಕಾಲು ಸರಿಮಾಡಿ

ಕೈ ಎಲ್ಲರಿಗೂ ಕಾಣುತ್ತದೆ, ಆದ್ದರಿಂದ ಎಲ್ಲರೂ ಕೈ ತಿದ್ದಲು ಹೊರಡುತ್ತಾರೆ. ಗಡಿಬಿಡಿ ಶುರುವಾಗುವುದು ಪಾದದಿಂದ. ಒಂದು ಕಾಲಿನ ಮೇಲೆ ಭಾರ ಹಾಕಿ ನಿಂತವರು ಎರಡು ನಿಮಿಷಕ್ಕೆ ಇನ್ನೊಂದಕ್ಕೆ ಬದಲಾಯಿಸುತ್ತಾರೆ, ಆಮೇಲೆ ತೂಗುತ್ತಾರೆ. ತೂಗುವ ಮೈಯ ಮೇಲಿನ ಮಾತೂ ತೂಗುತ್ತದೆ. ಎರಡೂ ಪಾದ ಭುಜದಷ್ಟು ಅಗಲ, ಮಂಡಿ ಸ್ವಲ್ಪ ಸಡಿಲ, ಭಾರ ಸಮ. ಮಂಡಿಯನ್ನು ಬಿಗಿದು ಹಿಂದಕ್ಕೆ ಒತ್ತಿ ನಿಂತರೆ ತೊಡೆ ನಡುಗುತ್ತದೆ. ಪಾದ ನೆಲೆನಿಂತರೆ ಉಸಿರು ಹೊಟ್ಟೆಗೆ ಇಳಿಯುತ್ತದೆ, ದನಿ ತಾನಾಗಿ ಸ್ವಲ್ಪ ಕೆಳಗೆ ಬರುತ್ತದೆ.

ಹೊಸ ಚಪ್ಪಲಿ, ಹೊಸ ಶೂ ಹಾಕಿಕೊಂಡು ಬರಬೇಡಿ. ಕಚ್ಚುವ ಶೂ ಮುಖದಲ್ಲಿ ಕಾಣುತ್ತದೆ.

ನಡೆಯಬಹುದೇ? ನಡೆಯಬಹುದು, ಕಾರಣವಿದ್ದರೆ. ರಂಗದ ಮೇಲೆ ನಟ ಒಂದು ಹೆಜ್ಜೆ ಇಟ್ಟರೆ ಪ್ರೇಕ್ಷಕ ‘ಯಾಕೆ?’ ಅನ್ನುತ್ತಾನೆ. ಅತ್ತಿಂದಿತ್ತ ಶತಪಥ ಹಾಕುವವರ ಹೆಜ್ಜೆಯಲ್ಲಿ ಆ ‘ಯಾಕೆ’ಗೆ ಉತ್ತರ ಇರುವುದಿಲ್ಲ, ಕೆಲವು ನಿಮಿಷದಲ್ಲಿ ಜನ ಕೇಳುವುದನ್ನು ಬಿಟ್ಟು ಎಣಿಸಲು ತೊಡಗುತ್ತಾರೆ. ವಿಷಯ ಬದಲಾಗುವಾಗ ನಡೆಯಿರಿ, ಮುಖ್ಯ ಮಾತು ಬಂದಾಗ ನಿಲ್ಲಿ. ಸಮಸ್ಯೆಯನ್ನು ವೇದಿಕೆಯ ಒಂದು ಬದಿಯಲ್ಲಿ ನಿಂತು ಹೇಳಿ, ಪರಿಹಾರಕ್ಕೆ ಇನ್ನೊಂದು ಬದಿಗೆ ಬನ್ನಿ. ಆಮೇಲೆ ಯಾವಾಗಲಾದರೂ ಹಳೆಯ ಜಾಗದ ಕಡೆ ಬರೀ ಕೈ ತೋರಿಸಿದರೆ ಸಾಕು, ಸಭೆಗೆ ಸಮಸ್ಯೆ ನೆನಪಾಗುತ್ತದೆ.

4. ಪರದೆ ನಿಮ್ಮ ಸಹನಟ, ಅದಕ್ಕೆ ಬೆನ್ನಾಗುವುದನ್ನು ಕಲಿಯಿರಿ

ಕಂಪನಿ ನಾಟಕಗಳ ಕಾಲದಲ್ಲಿ ಮೈಕಿರಲಿಲ್ಲ. ಹಿಂದಿನ ಸಾಲಿನಲ್ಲಿ ನೆಲದ ಮೇಲೆ ಕೂತವನಿಗೂ ಮಾತು ಮುಟ್ಟಬೇಕಿದ್ದರೆ ನಟ ಪ್ರೇಕ್ಷಕರ ಕಡೆಗೇ ಮುಖವಿಟ್ಟಿರಬೇಕಿತ್ತು, ಪಕ್ಕದ ಪಾತ್ರದ ಜೊತೆ ಮಾತಾಡುವಾಗಲೂ. ಈಗ ಮೈಕ್ ಬಂದಿದೆ, ಪರದೆಯೂ ಬಂದಿದೆ. ಪಿಪಿಟಿ ಹಾಕಿದ ಮನುಷ್ಯ ಅರ್ಧಕ್ಕರ್ಧ ಹೊತ್ತು ಪರದೆಯ ಜೊತೆಯೇ ಸಂಭಾಷಿಸುತ್ತಾನೆ.

ಕಾರಣ ಸರಳ: ಸ್ಲೈಡಿನಲ್ಲಿ ವಾಕ್ಯಗಳಿವೆ, ವಾಕ್ಯವಿದ್ದರೆ ಕಣ್ಣು ಓದಲು ಹೋಗುತ್ತದೆ. ಸಾಲುಗಳನ್ನು ಕಡಿಮೆ ಮಾಡದೆ ‘ಪರದೆ ನೋಡಬೇಡಿ’ ಎಂದು ಹೇಳಿ ಪ್ರಯೋಜನವಿಲ್ಲ. ಲ್ಯಾಪ್‌ಟಾಪನ್ನು ನಿಮ್ಮ ಮತ್ತು ಸಭೆಯ ನಡುವೆ, ಸೊಂಟದ ಎತ್ತರಕ್ಕೆ ಇಡಿಸಿಕೊಳ್ಳಿ. ಸ್ಲೈಡ್ ಅಲ್ಲೇ ಕಾಣುತ್ತದೆ, ತಿರುಗುವ ಪ್ರಮೇಯ ಬರುವುದಿಲ್ಲ. ಇದನ್ನು ಆಯೋಜಕರ ಹತ್ತಿರ ಅರ್ಧ ಗಂಟೆ ಮೊದಲೇ ಹೋಗಿ ಕೇಳಬೇಕು. ಉದ್ಘಾಟನೆಯ ದೀಪ ಹಚ್ಚಿದ ಮೇಲೆ ಟೇಬಲ್ ಸರಿಸುವವರು ಸಿಗುವುದಿಲ್ಲ.

ನಿಲ್ಲುವ ಜಾಗ ಆಯ್ಕೆ ಮಾಡಿಕೊಳ್ಳಲು ಅವಕಾಶವಿದ್ದರೆ, ಕೂತವರ ಎಡಗಡೆಗೆ ಬರುವಂತೆ ನಿಲ್ಲಿ. ಕನ್ನಡವಾಗಲಿ ಇಂಗ್ಲಿಷಾಗಲಿ ಎಡದಿಂದ ಓದುವ ಭಾಷೆ. ಕಣ್ಣು ನಿಮ್ಮನ್ನು ನೋಡಿ, ಅಲ್ಲಿಂದ ಸಾಲಿನ ಆರಂಭಕ್ಕೆ ಹೋಗಿ, ಮತ್ತೆ ನಿಮ್ಮ ಹತ್ತಿರ ಬರುತ್ತದೆ. ಪರದೆಯ ಕಡೆ ತೋರಿಸಬೇಕಾದಾಗ ಪರದೆಗೆ ಹತ್ತಿರದ ಕೈಯನ್ನೇ ಬಳಸಿ. ದೂರದ ಕೈ ಎತ್ತಿದರೆ ಮೈಯೆಲ್ಲ ಮುಚ್ಚಿ ಬೆನ್ನು ಸಭೆಗೆ ಬೀಳುತ್ತದೆ.

ಲೇಸರ್ ಪಾಯಿಂಟರ್ ನನಗೆ ಇಷ್ಟವಿಲ್ಲ. 10 ಮೀಟರ್ ದೂರದ ಪರದೆಯ ಮೇಲೆ, ಮಣಿಕಟ್ಟು ಒಂದು ಡಿಗ್ರಿ ಅಲುಗಿದರೆ ಕೆಂಪು ಚುಕ್ಕಿ ಸುಮಾರು 17 ಸೆಂಟಿಮೀಟರ್ ಓಡುತ್ತದೆ. ಯಾರಿಗೂ ಕಾಣದಿದ್ದ ಕೈನಡುಕವನ್ನು ಹಿಗ್ಗಿಸಿ ಪರದೆಯ ಮೇಲೆ ತೋರಿಸುವ ಯಂತ್ರ ಅದು. ಸ್ಲೈಡಿನಲ್ಲೇ ಒಂದು ಬಾಣದ ಗುರುತು ಹಾಕಿಕೊಂಡು ಬಂದರೆ ಮುಗಿಯಿತು. ಮತ್ತೊಂದು: ಪವರ್‌ಪಾಯಿಂಟಿನಲ್ಲಿ ‘ಬಿ’ ಕೀಲಿ ಒತ್ತಿದರೆ ಪರದೆ ಕಪ್ಪಾಗುತ್ತದೆ. ಸಭೆ ನಿಮ್ಮನ್ನೇ ನೋಡಬೇಕು ಅನಿಸಿದಾಗ ಒತ್ತಿ. ಇದರಷ್ಟು ಪರಿಣಾಮದ ಕೈಸನ್ನೆ ನನಗೆ ಗೊತ್ತಿಲ್ಲ.

5. ಸಾಹೇಬರನ್ನೊಬ್ಬರನ್ನೇ ನೋಡಬೇಡಿ

ನಾಟ್ಯಶಾಸ್ತ್ರ 36 ಬಗೆಯ ದೃಷ್ಟಿಗಳನ್ನು ಹೆಸರಿಸುತ್ತದೆ. ನಮ್ಮ ಸಭೆಗಳಲ್ಲಿ ಎರಡೇ ಬಗೆ ಕಾಣುತ್ತವೆ: ಹಾಳೆ ನೋಡುವುದು, ಸಾಹೇಬರನ್ನು ನೋಡುವುದು. ಪರಿಶೀಲನಾ ಸಭೆಯ ಉದ್ದ ಮೇಜಿನ ತುದಿಯಲ್ಲಿ ಹಿರಿಯ ಅಧಿಕಾರಿ ಕೂತಿರುತ್ತಾರೆ. ಮಾತಾಡುವವರ ಮುಖ, ಎದೆ, ಪಾದ ಎಲ್ಲ ಆ ಕಡೆಗೇ ತಿರುಗಿರುತ್ತವೆ. ಉಳಿದ ಇಲಾಖೆಯವರು ಮೊಬೈಲಿಗೆ ಇಳಿಯುತ್ತಾರೆ. ನಾಳೆ ನಿಮ್ಮ ಕೆಲಸಕ್ಕೆ ಸಹಿ ಹಾಕಬೇಕಾದವರು ಅವರೇ.

ಹಿರಿಯರನ್ನು ನೋಡದೆ ಇರಿ ಎಂದು ನಾನು ಹೇಳುವುದಿಲ್ಲ, ನಮ್ಮಲ್ಲಿ ಅದು ನಡೆಯುವುದೂ ಇಲ್ಲ. ಮೊದಲ ವಾಕ್ಯ ಅವರಿಗೆ, ಆಮೇಲೆ ಒಂದೊಂದು ಅಂಶ ಒಬ್ಬೊಬ್ಬರಿಗೆ ಪೂರ್ತಿಯಾಗಿ. ನೀರಿನ ವಿಷಯ ಬಂದಾಗ ನೀರಿನ ಇಲಾಖೆಯವರನ್ನು ನೋಡಿ, ಹಣದ ವಿಷಯಕ್ಕೆ ಲೆಕ್ಕಾಧಿಕಾರಿಯನ್ನು. ಒಬ್ಬರ ಕಣ್ಣಿಗೆ ಒಂದು ವಾಕ್ಯ ಮುಗಿಸಿ, ಮುಂದಿನವರ ಕಡೆ ಹೋಗಿ. ಸಭೆಯ ಮೇಲೆ ಕಣ್ಣನ್ನು ಫ್ಯಾನಿನಂತೆ ತಿರುಗಿಸಿದರೆ ಯಾರಿಗೂ ತಮ್ಮನ್ನು ನೋಡಿದ ಹಾಗಾಗುವುದಿಲ್ಲ.

ನಮ್ಮ ವೇದಿಕೆಯ ಇನ್ನೊಂದು ಕಷ್ಟ, ಗಣ್ಯರು ಬೆನ್ನ ಹಿಂದೆ ಕೂತಿರುತ್ತಾರೆ. ‘ವೇದಿಕೆಯ ಮೇಲಿರುವ ಸನ್ಮಾನ್ಯ’ ಎಂದು ಶುರುಮಾಡಿ ಪ್ರತಿ ಹೆಸರಿಗೂ ಹಿಂದಕ್ಕೆ ಹೊರಳಿ, ಮೈಕ್ ತಪ್ಪಿ, ಮತ್ತೆ ಮುಂದಕ್ಕೆ ಬಂದು, ಐದಾರು ಹೆಸರಾಗುವಷ್ಟರಲ್ಲಿ ಸಭೆಗೆ ಸುಸ್ತು. ಒಮ್ಮೆ ಪೂರ್ತಿಯಾಗಿ ತಿರುಗಿ, ಎಲ್ಲರಿಗೂ ಸೇರಿಸಿ ಒಂದು ನಮಸ್ಕಾರ ಮಾಡಿ, ಮುಂದಕ್ಕೆ ತಿರುಗಿ ಹೆಸರುಗಳನ್ನು ಹೇಳಿ. ಯಾರಿಗೂ ಬೇಸರವಾಗುವುದಿಲ್ಲ.

6. ಮೈಕಿನ ಜೊತೆ ಜಗಳ ಮೊದಲೇ ಮುಗಿಸಿ

ಕೈ ಮೈಕಾದರೆ ಒಂದು ಕೈ ಹೋಯಿತು. ಇನ್ನೊಂದು ಕೈಯಲ್ಲಿ ಕ್ಲಿಕ್ಕರ್ ಹಿಡಿದರೆ ಎರಡೂ ಹೋದವು. ಸ್ಲೈಡ್ ಬದಲಿಸಲು ಯಾರನ್ನಾದರೂ ಕೂರಿಸಿ. ಮೈಕನ್ನು ಗದ್ದದ ಹತ್ತಿರ ಹಿಡಿಯಿರಿ, ತುಟಿ ಕಾಣುತ್ತಿರಬೇಕು. ಕೈ ಬೀಸುವವರು ಮೈಕ್ ಹಿಡಿದ ಕೈಯನ್ನೇ ಬೀಸುತ್ತಾರೆ, ಮುಖ್ಯವಾದ ಪದವೇ ಕೇಳಿಸದೆ ಹೋಗುತ್ತದೆ. ಮೊಣಕೈಯನ್ನು ಪಕ್ಕೆಗೆ ಅಂಟಿಸಿಕೊಂಡರೆ ಆ ರಗಳೆ ಇಲ್ಲ.

ಕಾಲರ್ ಮೈಕಾದರೆ ಕುತ್ತಿಗೆಯ ಐಡಿ ಕಾರ್ಡ್ ತೆಗೆದಿಡಿ. ಸರ, ತಾಳಿ ಇದ್ದರೆ ಮೈಕಿಗೆ ತಾಗದಂತೆ ನೋಡಿಕೊಳ್ಳಿ, ಇಲ್ಲದಿದ್ದರೆ ಸ್ಪೀಕರಿನಲ್ಲಿ ಟಕಟಕ ಸದ್ದು ಬರುತ್ತಲೇ ಇರುತ್ತದೆ. ಬ್ಯಾಟರಿಯ ಡಬ್ಬಿ ಸಿಕ್ಕಿಸಲು ಶರ್ಟು ಪ್ಯಾಂಟಿನವರಿಗೆ ಬೆಲ್ಟಿದೆ. ಸೀರೆ, ಕುರ್ತಾದವರು ಅದಕ್ಕೊಂದು ಜಾಗ ಮೊದಲೇ ಯೋಚಿಸಿಕೊಳ್ಳದಿದ್ದರೆ ಡಬ್ಬಿಯನ್ನು ಕೈಯಲ್ಲಿ ಹಿಡಿದೇ ಇಡೀ ಮಾತು ಮುಗಿಸಬೇಕಾಗುತ್ತದೆ. ಪೋಡಿಯಂ ಎತ್ತರವಾಗಿದ್ದು ನೀವು ಕುಳ್ಳಗಿದ್ದರೆ ಅದರ ಹಿಂದೆ ನಿಲ್ಲಲೇಬೇಡಿ.

7. ನಿಮ್ಮ ನಡುಕ ನಿಮಗೆ ಕಂಡಷ್ಟು ಅವರಿಗೆ ಕಾಣುವುದಿಲ್ಲ

ಅಂಜಿಕೆಯಲ್ಲಿ ದೇಹ ಅಡ್ರಿನಲಿನ್ ಸುರಿಸುತ್ತದೆ. ಎದೆ ಬಡಿತ ಏರುತ್ತದೆ, ಬೆರಳು ನಡುಗುತ್ತದೆ, ಬಾಯಿ ಒಣಗುತ್ತದೆ. ಓಡಲು ತಯಾರಾದ ದೇಹವನ್ನು ಒಂದೇ ಕಡೆ ನಿಲ್ಲಿಸಿದಾಗ ಆಗುವುದು ಹಾಗೆಯೇ. ಇದರ ಬಗ್ಗೆ ಕೆನೆತ್ ಸವಿಟ್ಸ್ಕಿ ಮತ್ತು ಥಾಮಸ್ ಗಿಲೊವಿಚ್ 2003ರಲ್ಲಿ ಪ್ರಕಟಿಸಿದ ಅಧ್ಯಯನ ನನಗೆ ತುಂಬ ಉಪಯೋಗಕ್ಕೆ ಬಂದಿದೆ. ಭಾಷಣ ಮಾಡುವವರು ತಮ್ಮ ಗಾಬರಿ ಎಲ್ಲರಿಗೂ ಎದ್ದು ಕಾಣುತ್ತಿದೆ ಎಂದುಕೊಳ್ಳುತ್ತಾರೆ, ಕೇಳುವವರಿಗೆ ಅಷ್ಟು ಕಾಣುವುದಿಲ್ಲ. ಈ ಸಂಗತಿಯನ್ನು ಮೊದಲೇ ತಿಳಿಸಿದ ಗುಂಪಿನವರ ಭಾಷಣ, ತಿಳಿಸದವರಿಗಿಂತ ಚೆನ್ನಾಗಿ ಬಂತು. ಬರೀ ತಿಳಿದದ್ದರಿಂದಲೇ.

ನಾನು ಇದನ್ನು ಹೇಳಿ ಬಿಡುವುದಿಲ್ಲ, ತೋರಿಸುತ್ತೇನೆ. ‘ಇವತ್ತು ಸತ್ತೇಹೋದೆ ಸರ್, ಕೈಯೆಲ್ಲ ನಡುಗ್ತಿತ್ತು’ ಎಂದವರಿಗೆ ಮೊಬೈಲಿನಲ್ಲಿ ತೆಗೆದ ವಿಡಿಯೊ ಹಾಕಿ, ನಡುಕ ಎಲ್ಲಿದೆ ಹುಡುಕಿ ಅನ್ನುತ್ತೇನೆ. ಸಾಮಾನ್ಯವಾಗಿ ಸಿಗುವುದಿಲ್ಲ. ಸಿಕ್ಕರೆ ಅದು ಕೈಯಲ್ಲಿ ಹಿಡಿದ ಹಾಳೆಯಲ್ಲಿ. ತೆಳು ಎ4 ಹಾಳೆ ಸಣ್ಣ ನಡುಕಕ್ಕೂ ಪಟಪಟ ಅನ್ನುತ್ತದೆ. ಟಿಪ್ಪಣಿಯನ್ನು ದಪ್ಪ ರಟ್ಟಿನ ಚೀಟಿಯಲ್ಲಿ ಬರೆದುಕೊಳ್ಳಿ.

ಅಂಜಿಕೆಗೆ ಮದ್ದು ಎಂದು ಸೊಂಟದ ಮೇಲೆ ಕೈಯಿಟ್ಟು ಎದೆ ಸೆಟೆಸಿ ನಿಲ್ಲುವ ‘ಪವರ್ ಪೋಸ್’ ಒಂದು ಕಾಲಕ್ಕೆ ಬಹಳ ಓಡಿತು. 2010ರಲ್ಲಿ ಡೇನಾ ಕಾರ್ನಿ, ಏಮಿ ಕಡ್ಡಿ, ಆಂಡಿ ಯಾಪ್ ಅವರು 42 ಜನರ ಮೇಲೆ ಮಾಡಿದ ಪ್ರಯೋಗದಲ್ಲಿ, ಇಂಥ ಭಂಗಿಗಳಿಂದ ಹಾರ್ಮೋನುಗಳೇ ಬದಲಾಗುತ್ತವೆ ಎಂದಿತ್ತು. 2015ರಲ್ಲಿ ಬೇರೊಂದು ತಂಡ 200 ಜನರ ಮೇಲೆ ಮಾಡಿ ನೋಡಿದಾಗ ಧೈರ್ಯ ಬಂದ ಹಾಗೆ ಅನಿಸಿತು ಎಂದಷ್ಟೇ ಸಿಕ್ಕಿತು, ಹಾರ್ಮೋನಿನ ಸುದ್ದಿ ಸಿಗಲಿಲ್ಲ. 2016ರಲ್ಲಿ ಕಾರ್ನಿ ಅವರೇ ಆ ಪರಿಣಾಮ ನಿಜವೆಂದು ತಾವು ನಂಬುವುದಿಲ್ಲ ಎಂದು ಬಹಿರಂಗವಾಗಿ ಬರೆದರು. ಬಾತ್‌ರೂಮಿನಲ್ಲಿ ಎರಡು ನಿಮಿಷ ಹಾಗೆ ನಿಂತು ಬರುವುದರಿಂದ ನಷ್ಟವೇನಿಲ್ಲ. ನಾನಂತೂ ಅದರ ಬದಲು ಉಸಿರು ನಿಧಾನವಾಗಿ ಬಿಡುವುದನ್ನು ಹೇಳಿಕೊಡುತ್ತೇನೆ. ತೆಗೆದುಕೊಳ್ಳುವುದಕ್ಕಿಂತ ಎರಡರಷ್ಟು ಹೊತ್ತು ಬಿಡಬೇಕು. ಹಾಗೂ ಗಂಟಲು ಒಣಗಿದಾಗ ನೀರು ಕುಡಿಯಿರಿ, ನಾಚಿಕೆ ಬೇಡ. ನೀರು ಕುಡಿಯುವ ಆ ಕ್ಷಣ ಸಭೆಗೂ ಯೋಚಿಸಲು ಸಿಗುವ ಬಿಡುವು.

8. ಇಂಗ್ಲಿಷ್ ಪುಸ್ತಕದ ಮೈಯನ್ನು ಹಾಗೇ ತಂದುಕೊಳ್ಳಬೇಡಿ

ಕೈಕಟ್ಟಿ ಕೂತವರು ನಿಮ್ಮ ಮಾತನ್ನು ಒಪ್ಪುತ್ತಿಲ್ಲ ಎಂದು ಇಂಗ್ಲಿಷಿನ ಬಾಡಿ ಲಾಂಗ್ವೇಜ್ ಪುಸ್ತಕಗಳು ಹೇಳುತ್ತವೆ. ನಮ್ಮ ಪ್ರಾಥಮಿಕ ಶಾಲೆಯ ಮೇಷ್ಟ್ರು ಮೊದಲ ದಿನ ಕಲಿಸುವುದೇ ‘ಕೈ ಕಟ್ಟಿ ಕೂತ್ಕೊಳ್ಳಿ’ ಎಂದು. ಹಿರಿಯರ ಮುಂದೆ ಕೈಕಟ್ಟಿ ನಿಲ್ಲುವುದು ವಿನಯ. ಹಾಗಾಗಿ ಒಂದು ಹಳ್ಳಿಯ ಸಭೆಯಲ್ಲಿ ಮುಂದಿನ ಸಾಲಿನವರೆಲ್ಲ ಕೈಕಟ್ಟಿ ಕೂತಿದ್ದರೆ ಗಾಬರಿಬೀಳಬೇಡಿ, ಗಮನವಿಟ್ಟು ಕೇಳುತ್ತಿದ್ದಾರೆ ಅಂತಲೂ ಇರಬಹುದು, ಚಳಿಯೂ ಇರಬಹುದು.

ತಲೆಯನ್ನು ಪಕ್ಕಕ್ಕೆ ಓಲಾಡಿಸಿ ‘ಹೂಂ’ ಅನ್ನುವುದು ನಮಗೆ ಒಪ್ಪಿಗೆ. ಹೊರದೇಶದ ಗಿರಾಕಿ ಅದನ್ನು ‘ಇಲ್ಲ’ ಎಂದು ಓದಬಹುದು. ಬೆಂಗಳೂರಿನ ಕಚೇರಿಗಳಲ್ಲಿ ವಿಡಿಯೊ ಕರೆಯ ಎರಡೂ ತುದಿಯಲ್ಲಿ ಇದು ಗೊಂದಲ ಎಬ್ಬಿಸುತ್ತದೆ. ತಲೆ ಆಡಿಸುವುದನ್ನು ಬಿಡಬೇಕಿಲ್ಲ, ಜೊತೆಗೆ ಬಾಯಲ್ಲೂ ‘ಸರಿ’ ಎಂದು ಹೇಳಿದರೆ ಸಾಕು. ಒಂದು ಬೆರಳು ಚಾಚಿ ಮನುಷ್ಯರನ್ನು ತೋರಿಸುವುದು ನಮ್ಮಲ್ಲಿ ಬೈಗುಳಕ್ಕೆ ಸಮ. ಅಂಗೈ ತೆರೆದು ತೋರಿಸಿ. ಸೊಂಟದ ಮೇಲೆ ಕೈಯಿಟ್ಟು ನಿಂತು ಹಿರಿಯರ ಮುಂದೆ ಮಾತಾಡಿದರೆ ಆತ್ಮವಿಶ್ವಾಸ ಅನ್ನುವುದಿಲ್ಲ, ಸೊಕ್ಕು ಅನ್ನುತ್ತಾರೆ.

ನಮ್ಮದೇ ಒಂದು ಅನುಕೂಲವಿದೆ: ನಮಸ್ಕಾರ. ಎರಡೂ ಕೈಗೆ ಕೆಲಸ ಸಿಗುತ್ತದೆ, ಎದೆಯ ಮಟ್ಟಕ್ಕೆ ಬರುತ್ತವೆ, ಒಂದು ಕ್ಷಣ ಮೌನವೂ ಆಗುತ್ತದೆ. ಆ ಎತ್ತರದಿಂದಲೇ ಕೈಯನ್ನು ಬಿಡಿಸಿಕೊಂಡು ಮಾತು ಶುರುಮಾಡಿದರೆ ಮೊದಲ ನಿಮಿಷದ ಅರ್ಧ ಕಷ್ಟ ಕಳೆಯುತ್ತದೆ. ನಮಸ್ಕಾರ ಎಂದು ಹೇಳುತ್ತ ಆಗಲೇ ಮೈಕ್ ಸರಿಪಡಿಸುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

9. ಕೈ ಸುಳ್ಳು ಅಳತೆ ತೋರಿಸಬಾರದು

ಇದನ್ನು ನನಗೆ ಕಲಿಸಿದವರು ಮಲೆನಾಡಿನ ರೈತರು. ಅಡಿಕೆ ಗಿಡಗಳ ನಡುವೆ 2.7 ಮೀಟರ್, ಅಂದರೆ ಸುಮಾರು 9 ಅಡಿ ಅಂತರ ಇರಬೇಕು ಎನ್ನುತ್ತ ಒಬ್ಬ ಅಧಿಕಾರಿ ಎರಡೂ ಕೈಯನ್ನು ಎದೆಯ ಮುಂದೆ ಗೇಣಗಲ ಇಟ್ಟು ತೋರಿಸಿದರು. ಹಿಂದಿನಿಂದ ಒಬ್ಬರು, ‘ಸ್ವಾಮಿ, ಅಷ್ಟ್ರಲ್ಲಿ ಮೆಣಸಿನ ಗಿಡನೂ ಬರಲ್ಲ’ ಅಂದರು. ಎಲ್ಲರೂ ನಕ್ಕರು. ಗೇಣು, ಮೊಳ, ಮಾರು ಎಂದು ಮೈಯಲ್ಲೇ ಅಳೆದು ಬದುಕಿದವರ ಮುಂದೆ ಕೈ ಸುಮ್ಮನೆ ಅಲಂಕಾರಕ್ಕೆ ಆಡಬಾರದು. ಅದೇ ಅಧಿಕಾರಿ ಮುಂದಿನ ಊರಿನಲ್ಲಿ ಒಂದು ಕಡ್ಡಿ ನೆಟ್ಟು, ದಾಪುಗಾಲಿನಲ್ಲಿ ನಡೆದು ಹೋಗಿ ಇನ್ನೊಂದು ಕಡ್ಡಿ ನೆಟ್ಟರು. ಬೇರೆ ವಿವರಣೆ ಬೇಕಾಗಲಿಲ್ಲ.

ಎಂಜಿನಿಯರುಗಳಿಗೂ ಇದನ್ನೇ ಹೇಳುತ್ತೇನೆ. ‘ಖರ್ಚು ಇಳಿಯಿತು’ ಅನ್ನುವಾಗ ಕೈ ಮೇಲಕ್ಕೆ ಹೋಗುತ್ತಿದೆಯೇ ನೋಡಿಕೊಳ್ಳಿ. ಕಾಲದ ಕ್ರಮ ತೋರಿಸುವಾಗ ಹಳೆಯದು ಕೂತವರ ಎಡಕ್ಕೆ ಬರಬೇಕು, ಅಂದರೆ ನಿಮ್ಮ ಬಲಕ್ಕೆ. ಇದನ್ನು ಅಭ್ಯಾಸ ಮಾಡದಿದ್ದರೆ ನಿಮ್ಮ ಭವಿಷ್ಯ ಅವರ ಭೂತಕಾಲದ ಕಡೆ ಹೋಗುತ್ತಿರುತ್ತದೆ. ಸಾಧ್ಯವಿದ್ದಲ್ಲೆಲ್ಲ ವಸ್ತುವನ್ನೇ ತನ್ನಿ. ರೋಗ ತಗುಲಿದ ಎಲೆ, ಒಡೆದ ಪೈಪಿನ ತುಂಡು, ಹಳೆಯ ಮಾದರಿಯ ಮೀಟರ್. ವಸ್ತು ಕೈಯಲ್ಲಿದ್ದರೆ ನಿಮ್ಮ ಕಣ್ಣು ಅದರ ಮೇಲೆ ಬೀಳುತ್ತದೆ, ನಿಮ್ಮ ಕಣ್ಣು ಬಿದ್ದಲ್ಲಿ ಸಭೆಯ ಕಣ್ಣು ಬೀಳುತ್ತದೆ. ತೋರಿಸಿಯಾದ ಮೇಲೆ ಕೆಳಗಿಡಿ. ಮಾತು ಮುಂದೆ ಹೋದರೂ ಕೈಯಲ್ಲೇ ಆಡುತ್ತಿರುವ ಎಲೆ ನಿಮ್ಮ ಪ್ರತಿಸ್ಪರ್ಧಿ.

10. ಜೊತೆಯವರು ಮಾತಾಡುವಾಗಲೂ ನೀವು ವೇದಿಕೆಯ ಮೇಲಿದ್ದೀರಿ

ಗಮಕ ಕಾರ್ಯಕ್ರಮಕ್ಕೆ ಹೋದವರಿಗೆ ಗೊತ್ತು. ಗಮಕಿ ಪದ್ಯ ಹಾಡುವಾಗ ವ್ಯಾಖ್ಯಾನಕಾರರು ಕೇಳುವ ರೀತಿಯೇ ಅರ್ಧ ವ್ಯಾಖ್ಯಾನ. ತಲೆದೂಗುತ್ತಾರೆ, ಒಂದು ಪದಕ್ಕೆ ಹುಬ್ಬೇರಿಸುತ್ತಾರೆ. ಪದ್ಯ ಎಷ್ಟನೆಯ ಸಲ ಕೇಳುತ್ತಿದ್ದರೂ ಹಾಗೆಯೇ. ಅದನ್ನು ನೋಡಿ ಸಭೆಗೂ ಕೇಳಬೇಕು ಅನಿಸುತ್ತದೆ.

ತಂಡವಾಗಿ ಪ್ರೆಸೆಂಟೇಶನ್ ಕೊಡುವ ನಮ್ಮ ಹುಡುಗರನ್ನು ನೋಡಿ. ಒಬ್ಬ ಮಾತಾಡುತ್ತಿದ್ದರೆ ಉಳಿದ ಮೂವರು ಗೋಡೆಗೆ ಒರಗಿ ತಮ್ಮ ಸರದಿಯ ಮಾತನ್ನು ಬಾಯಲ್ಲಿ ಗೊಣಗಿಕೊಳ್ಳುತ್ತಿರುತ್ತಾರೆ, ಇಲ್ಲವೇ ಚಾವಣಿ ನೋಡುತ್ತಿರುತ್ತಾರೆ. ಅವರ ಗೆಳೆಯನ ಮಾತು ಅವರಿಗೇ ಬೇಡವಾದ ಮೇಲೆ ನಮಗೇಕೆ? ಮಾತಾಡುವವರ ಕಡೆ ಅರ್ಧ ತಿರುಗಿ ನಿಲ್ಲಿ, ಅವರನ್ನೇ ನೋಡಿ. ಸರದಿ ಬದಲಾಗುವಾಗ ಹಿಂದಿನವರ ಕಡೆ ಒಮ್ಮೆ ನೋಡಿ ಆಮೇಲೆ ಸಭೆಗೆ ತಿರುಗಿ.

11. ಪ್ರಶ್ನೆ ಕೇಳಿದವರಿಂದ ಒಂದು ಹೆಜ್ಜೆ ದೂರ ಸರಿಯಿರಿ

ಇದು ರಂಗಭೂಮಿಯ ಗುಟ್ಟು. ಮುಂದಿನ ಸಾಲಿನವರು ಸಣ್ಣ ದನಿಯಲ್ಲಿ ಏನೋ ಕೇಳಿದರೆ ನಮ್ಮ ಸಹಜ ಸ್ವಭಾವ ಹತ್ತಿರ ಹೋಗಿ ಬಾಗುವುದು. ಆಗ ಅದು ಇಬ್ಬರ ಖಾಸಗಿ ಮಾತಾಗುತ್ತದೆ, ಹಿಂದಿನವರು ಎದ್ದು ಟೀಗೆ ಹೋಗುತ್ತಾರೆ. ಒಂದೆರಡು ಹೆಜ್ಜೆ ಹಿಂದಕ್ಕೆ ಬನ್ನಿ, ಮುಖ ಅವರ ಕಡೆಗೇ ಇರಲಿ. ಅವರು ತಾವಾಗಿ ದನಿ ಏರಿಸುತ್ತಾರೆ. ಉತ್ತರದ ಮೊದಲ ಮಾತು ಅವರಿಗೆ, ನಡುವಿನದು ಸಭೆಗೆ. ಕೊನೆಯ ವಾಕ್ಯವನ್ನು ಮತ್ತೆ ಅವರ ಕಣ್ಣಿಗೇ ಮುಗಿಸಿದರೆ ಇನ್ನೊಂದು ಉಪಪ್ರಶ್ನೆ ಬರುತ್ತದೆ. ವಾದ ಬೆಳೆಯುವುದು ಬೇಡ ಅನಿಸಿದರೆ ಬೇರೆ ಮೂಲೆಯ ಕಡೆ ನೋಡಿ ಮುಗಿಸಿ. ಮತ್ತೆ, ಪ್ರಶ್ನೆ ಪೂರ್ತಿಯಾಗುವ ಮೊದಲೇ ತಲೆಯಾಡಿಸಲು ಶುರುಮಾಡಬೇಡಿ. ವೈವಾದಲ್ಲಿ ಪರೀಕ್ಷಕರಿಗೆ ಇದರಷ್ಟು ಕೆರಳಿಸುವ ಚಟ ಇನ್ನೊಂದಿಲ್ಲ.

12. ಆನ್‌ಲೈನಿನಲ್ಲಿ ಮೈ ಅಂದರೆ ಎದೆಯಿಂದ ಮೇಲೆ

ಲ್ಯಾಪ್‌ಟಾಪಿನ ಕ್ಯಾಮೆರಾ ಕಣ್ಣಿನ ಎತ್ತರಕ್ಕೆ ಬರಲಿ. ಕೆಳಗೆ ನಾಲ್ಕು ದಪ್ಪ ಪುಸ್ತಕ ಇಟ್ಟರಾಯಿತು, ಇಲ್ಲದಿದ್ದರೆ ಜನ ನಿಮ್ಮ ಮೂಗಿನ ಹೊಳ್ಳೆಯನ್ನೂ ಫ್ಯಾನನ್ನೂ ನೋಡುತ್ತಿರುತ್ತಾರೆ. ಕಿಟಕಿ ನಿಮ್ಮ ಎದುರಿಗಿರಲಿ, ಬೆನ್ನಿಗೆ ಬೇಡ. ಕೈಯಾಡಿಸುವುದಾದರೆ ಗದ್ದಕ್ಕೂ ಎದೆಗೂ ನಡುವೆ ಆಡಿಸಿ, ಚೌಕಟ್ಟಿನ ಹೊರಗಿನ ಕೈ ಯಾರಿಗೂ ಕಾಣುವುದಿಲ್ಲ.

ಇಡೀ ಹೊತ್ತು ಲೆನ್ಸ್ ನೋಡಲು ಮನುಷ್ಯನಿಂದ ಆಗುವುದಿಲ್ಲ. ಮೊದಲ ಮಾತು, ಕೊನೆಯ ಮಾತು, ನಡುವೆ ಮುಖ್ಯವಾದದ್ದು ಬಂದಾಗ ನೋಡಿ, ಸಾಕು. ನಿಮ್ಮ ಮುಖ ನಿಮಗೇ ಕಾಣುವ ಚೌಕವನ್ನು ಮರೆಮಾಡಿ. ಸ್ಟ್ಯಾನ್‌ಫರ್ಡ್‌ನ ಜೆರೆಮಿ ಬೇಲೆನ್ಸನ್ 2021ರಲ್ಲಿ ವಿಡಿಯೊ ಸಭೆಗಳ ಆಯಾಸಕ್ಕೆ ಕೊಟ್ಟ ಕಾರಣಗಳಲ್ಲಿ, ದಿನವಿಡೀ ತನ್ನ ಮುಖವನ್ನೇ ಕನ್ನಡಿಯಂತೆ ನೋಡುತ್ತ ಕೂರಬೇಕಾದದ್ದೂ ಒಂದು. ನಟರಿಗೂ ಕನ್ನಡಿ ಇರುವುದು ಬಣ್ಣದ ಮನೆಯಲ್ಲಿ, ರಂಗದ ಮೇಲಲ್ಲ. ನಿಂತು ಮಾತಾಡಲು ಅನುಕೂಲವಿದ್ದರೆ ನಿಂತೇ ಮಾತಾಡಿ, ದನಿಯಲ್ಲಿ ಗೊತ್ತಾಗುತ್ತದೆ.

13. ವಿಡಿಯೊವನ್ನು ಮೂರು ಸಲ ನೋಡಿ

ಕನ್ನಡಿಯ ಮುಂದಿನ ಅಭ್ಯಾಸವನ್ನು ನಾನು ಹೇಳುವುದಿಲ್ಲ. ಕನ್ನಡಿ ಮುಂದೆ ನಾವು ನಮ್ಮನ್ನು ನೋಡುತ್ತ ಮಾತಾಡುತ್ತೇವೆ, ಸಭೆಯ ಮುಂದೆ ಅದು ಒದಗುವುದಿಲ್ಲ. ಮೊಬೈಲನ್ನು ಹಿಂದಿನ ಸಾಲಿನ ಕುರ್ಚಿಯ ಮೇಲಿಟ್ಟು ರೆಕಾರ್ಡ್ ಮಾಡಿ. ಮೊದಲ ಸಲ ಸದ್ದು ಮುಚ್ಚಿ ನೋಡಿ, ಅದೂ ದುಪ್ಪಟ್ಟು ವೇಗದಲ್ಲಿ. ಪದೇ ಪದೇ ಮಾಡುವ ಚಟಗಳೆಲ್ಲ ಆಗ ಎದ್ದು ಕುಣಿಯುತ್ತವೆ: ಕನ್ನಡಕ ಮೇಲೇರಿಸುವುದು, ಕೂದಲು ಹಿಂದಕ್ಕೆ ತಳ್ಳುವುದು, ಹಿಮ್ಮಡಿ ಎತ್ತಿ ಇಳಿಸುವುದು. ಎರಡನೆಯ ಸಲ ಚಿತ್ರ ಮುಚ್ಚಿ ಬರೀ ದನಿ ಕೇಳಿ. ಮೂರನೆಯ ಸಲ ಎರಡೂ ಸೇರಿಸಿ.

ಸಿಕ್ಕಿದ ಚಟಗಳಲ್ಲಿ ಒಂದನ್ನು ಮಾತ್ರ ಆರಿಸಿಕೊಳ್ಳಿ. ಎಲ್ಲವನ್ನೂ ಒಟ್ಟಿಗೆ ತಿದ್ದಲು ಹೊರಟವರು ವೇದಿಕೆಯ ಮೇಲೆ ತಮ್ಮನ್ನೇ ಕಾಯುತ್ತ ನಿಂತುಬಿಡುತ್ತಾರೆ, ಹೇಳಬೇಕಾದ್ದು ಮರೆತುಹೋಗುತ್ತದೆ. ಯಾವುದನ್ನು ಮೊದಲು ಆರಿಸಬೇಕೋ ತಿಳಿಯದಿದ್ದರೆ ಆ ವಿಡಿಯೊವನ್ನು ಮನೆಯಲ್ಲಿ ಹತ್ತು ವರ್ಷದ ಮಗುವಿಗೆ ತೋರಿಸಿ. ಅರ್ಧ ನಿಮಿಷದಲ್ಲಿ ಹೇಳುತ್ತದೆ, ಜೊತೆಗೆ ಮಾಡಿಯೂ ತೋರಿಸುತ್ತದೆ.